ಅಳಿಯದ ಸುಣ್ಣದ ಗೆರೆ

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಆಟ ಕಲಿಸುತ್ತಿದ್ದವರು ಪಿ.ಟಿ. ಸರ್. ಸಿಟ್ಟು ಬಂದರೆ ಅವರು ಕೂಗುತ್ತಿರಲಿಲ್ಲ. ಕೊರಳಿನ ಸೀಟಿಯ ದಾರವನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದರು. ಪಂದ್ಯ ಮುಗಿದ ಮೇಲೆ ಅವರದು ಒಂದೇ ಮಾತು: "ಸ್ಕೋರ್ ಬಿಡ್ರೋ, ಆಟ ಹೇಳ್ರೋ." ದೊಡ್ಡಬಳ್ಳಾಪುರದ ಆ ಕೆಮ್ಮಣ್ಣಿನ ಮೈದಾನದಲ್ಲಿ ಗೆರೆಗಳು ಬಹಳ ಹೊತ್ತು ಉಳಿಯುತ್ತಿರಲಿಲ್ಲ. ಹಾಗಾಗಿ ವಿರಾಮದಲ್ಲಿ ಎರಡೂ ಗೋಲುಗಳ ಮುಂದೆ ಅವರೇ ಬಗ್ಗಿ ಮತ್ತೆ ಸುಣ್ಣ ಎಳೆಯುತ್ತಿದ್ದರು.

ಸೆಮಿಫೈನಲ್ ದಿನ ಮೊದಲರ್ಧದಲ್ಲೇ ಎದುರಾಳಿ ಹುಡುಗನೊಬ್ಬನ ಕಾಲಿಗೆ ತಗುಲಿ ಚೆಂಡು ಅವರದೇ ಗೋಲಿಗೆ ಹೋಯಿತು. ಆ ಒಂದು ಗೋಲಿನ ಮುನ್ನಡೆಯನ್ನು ಉಳಿಸಿಕೊಳ್ಳಲು, ವಿರಾಮದ ನಂತರ ನಮ್ಮವರೆಲ್ಲ ನಮ್ಮ ಗೋಲಿನ ಮುಂದೆಯೇ ಗುಂಪುಗಟ್ಟಿ ನಿಂತರು. ಗೋಲ್‌ಕೀಪರ್ ಆಗಿದ್ದ ನಾನು ಬಿದ್ದು ಬಿದ್ದು ಮೊಣಕೈ ತರಚಿಕೊಂಡೆ. ಕೊನೆಗೂ ಆಟ ಮುಗಿದಾಗ ಎಲ್ಲರೂ ಕುಣಿದೆವು.

ಸರ್ ದಾರ ಸುತ್ತಿಕೊಳ್ಳುತ್ತಾ ಬಂದರು. ಕುಣಿತ ನಿಂತಿತು.

"ಗೆದ್ವಲ್ಲ ಸಾರ್. ನಾಳೆ ಫೈನಲ್," ಎಂದ ಕ್ಯಾಪ್ಟನ್, ಅಳುಕುತ್ತಾ.

ಅವರು ಅವನನ್ನು ನೋಡಲೇ ಇಲ್ಲ. ಫೋಟೋ ತೆಗೆಯಲು ಮೊಬೈಲ್ ಹಿಡಿದಿದ್ದ ಕಾಲೇಜಿನ ಗುಮಾಸ್ತರಿಗೆ ಹೇಳಿದರು: "ಇಲ್ಲಿ ಬೇಡ ಗುರು, ಅವ್ರ ಗೋಲ್ ಹತ್ರ ತೆಗಿ. ಆಟದಲ್ಲಂತೂ ಇವ್ರು ಆ ಕಡೆ ಹೋಗ್ಲಿಲ್ಲ, ಫೋಟೋದಲ್ಲಾದ್ರೂ ಹೋಗ್ಲಿ."

ಆ ಫೋಟೋದಲ್ಲಿ ಒಬ್ಬರೂ ನಗುತ್ತಿಲ್ಲ. ನಮ್ಮ ಬೆನ್ನಿಗೆ, ಗೋಲಿಗೂ ನಮಗೂ ನಡುವೆ, ವಿರಾಮದಲ್ಲಿ ಸರ್ ಎಳೆದ ಗೆರೆ ಎಳೆದ ಹಾಗೇ ಬೆಳ್ಳಗಿದೆ. ಫೋಟೋಗೆ ನಿಲ್ಲುವಾಗಲೂ ಅದನ್ನು ದಾಟುವ ಧೈರ್ಯ ನಮಗೆ ಬರಲಿಲ್ಲ.