ಹಾಜರಿ ಪುಸ್ತಕದ ಫಿಟ್ಟರ್

ಸಾಬೂನು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಅವನು ಫಿಟ್ಟರ್, ಮೂರನೇ ದರ್ಜೆ. ಜನರ ಬಾಯಲ್ಲಿ ಎಡಚ. ಗೆರೆಯ ಪಕ್ಕದಲ್ಲಿ ಓಡುತ್ತಲೇ ಎಡಗಾಲಿನಿಂದ ಅವನು ಎತ್ತಿ ಹೊಡೆದ ಚೆಂಡು ಗೋಲಿನ ಮುಂದೆ ಬಂದು, ಯಾರಾದರೂ ತಲೆ ಕೊಡಲಿ ಎಂದು ಒಂದು ಕ್ಷಣ ಕಾದು ನಿಲ್ಲುತ್ತಿತ್ತು ಎಂದು ನೋಡಿದವರು ಹೇಳುತ್ತಾರೆ. ಬಲಗಾಲು ಮಾತ್ರ ಹೆಸರಿಗೆ.

ಅವನಿಗೆ ಇಪ್ಪತ್ತೊಂದು ತುಂಬಿದ ವರ್ಷ ಕಾರ್ಖಾನೆಯ ಟೀಮ್ ಮ್ಯಾನೇಜರು ಮನೆಗೇ ಬಂದಿದ್ದರು. ಒಂದೇ ಕೋಣೆಯ ಮನೆ, ಕುರ್ಚಿ ಇಲ್ಲ. ಮಂಚದ ತುದಿಯಲ್ಲಿ ಕೂತು, ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದ ಅವನ ತಾಯಿಗೆ ಹೇಳಿದರು.

"ಅಮ್ಮಾ, ನಿಮ್ಮ ಮಗನನ್ನ ನಮಗೆ ಬಿಟ್ಟುಕೊಡಿ. ಖಾಯಂ ಕೆಲಸ."

"ಏನು ಕೆಲಸ ಸ್ವಾಮಿ?"

"ಫುಟ್‌ಬಾಲ್ ಆಡೋದು."

"ಅದು ಕೆಲಸಾನಾ? ಅದಕ್ಕೆ ಬೈಯೋದು ನಾನು!"

"ಪುಸ್ತಕದಲ್ಲಿ ಬರೆಯೋದು ಫಿಟ್ಟರ್ ಅಂತ. ಆಡೋದು ಫುಟ್‌ಬಾಲು."

ತಾಯಿ ನಂಬಲಿಲ್ಲ. ಮೊದಲ ತಿಂಗಳ ಸಂಬಳ ಕೈಗೆ ಬಂದ ದಿನ ಮಾತ್ರ ಮಗನ ಎಡಗಾಲನ್ನು ಒಮ್ಮೆ ಮುಟ್ಟಿ ನೋಡಿ, "ಇದನ್ನ ಹುಷಾರಾಗಿ ಇಟ್ಕೋ" ಎಂದಳು.

ಅಂದಿನಿಂದ ಹದಿಮೂರು ವರ್ಷ ಅವನ ದಿನಚರಿ ಒಂದೇ. ಬೆಳಿಗ್ಗೆ ಎಂಟಕ್ಕೆ ಗೇಟಿನಲ್ಲಿ ಕಾರ್ಡು ಒತ್ತಬೇಕು. ಫಿಟ್ಟಿಂಗ್ ಶಾಪಿನ ಬೆಂಚಿನ ಮೇಲೆ ಕೂತು ಚಹಾ ಕುಡಿಯಬೇಕು. ಹತ್ತೂವರೆಗೆ ಬೂಟಿನ ಚೀಲ ಹೆಗಲಿಗೇರಿಸಿ ಮೈದಾನಕ್ಕೆ ಹೊರಡಬೇಕು. ಅವನ ಪಾಲಿನ ಕೆಲಸವನ್ನು ಮೇಸ್ತ್ರಿ ಮಾಡುತ್ತಿದ್ದರು. ಮೇಸ್ತ್ರಿ ಎಂದರೆ ಶಾಪಿನ ಹಿರಿಯ ಫಿಟ್ಟರ್. ಮಾತು ಕಡಿಮೆ, ಮುಂಗೈ ತುಂಬ ಗ್ರೀಸು. ಅವರು ಒಂದು ಪಂದ್ಯವನ್ನೂ ನೋಡಿದವರಲ್ಲ. "ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ, ನೀನು ಲೆಕ್ಕಕ್ಕುಂಟು, ಕೆಲಸಕ್ಕಿಲ್ಲ" ಎಂದು ಒಮ್ಮೆ ಅಂದಿದ್ದರು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ ಧಾಟಿಯಲ್ಲಿ.

ವರ್ಷಕ್ಕೊಮ್ಮೆ ಒಂದು ವರದಿ ಬರೆಯಬೇಕಿತ್ತು. ಯಂತ್ರಗಳ ತಿಳಿವಳಿಕೆ, ಸುರಕ್ಷತೆಯ ಅರಿವು, ಕೈಕೆಲಸ. ಕೆಳಗೆ ಮೇಸ್ತ್ರಿಯ ಸಹಿ. ಮೊದಲ ವರ್ಷ ಮೇಸ್ತ್ರಿ ಪೆನ್ನು ಹಿಡಿದು ಹಿಂದೆಮುಂದೆ ನೋಡಿದ್ದರು. "ಬರೀರಿ ಮೇಸ್ತ್ರಿ, ಪಾಪ, ಹೊಟ್ಟೆಪಾಡು" ಎಂದರು ಟೀಮ್ ಮ್ಯಾನೇಜರು. ಮೇಸ್ತ್ರಿ ಮೂರು ಕಡೆಯೂ "ಉತ್ತಮ" ಎಂದು ಬರೆದರು. ಆಮೇಲಿನ ವರ್ಷಗಳಲ್ಲಿ ಯಾರೂ ಕೇಳಿಕೊಳ್ಳುವ ಪ್ರಮೇಯವೇ ಬರಲಿಲ್ಲ.

ಟೀಮು ಬಹುಕಾಲ ಎರಡನೇ ಡಿವಿಷನ್ನಿನಲ್ಲೇ ಇತ್ತು. ಎದುರಾಳಿಗಳ ಕಡೆಯವರು "ಸೋಪು ಜಾರಿತು, ಸೋಪು ಜಾರಿತು" ಎಂದು ಕೂಗುತ್ತಿದ್ದರು. ಅವನ ಆರನೇ ಸೀಸನ್ನಿನಲ್ಲಿ ಒಂದನೇ ಡಿವಿಷನ್ನಿಗೆ ಏರಿದರು. ಮರುವರ್ಷವೇ, ಕೂಗಿದವರ ಮಾತು ಸುಳ್ಳಾಗದಂತೆ, ಜಾರಿದರು. ಆ ಒಂದು ವರ್ಷದ ಆಟ ನೋಡಿ ಅವನನ್ನು ರಾಜ್ಯ ತಂಡದ ಆಯ್ಕೆ ಶಿಬಿರಕ್ಕೆ ಕರೆಸಿದ್ದರು. ಮೂರನೇ ದಿನ ಕೋಚ್ ಪಕ್ಕಕ್ಕೆ ಕರೆದು, "ಒಂಟಿ ಕಾಲಲ್ಲಿ ಎಷ್ಟು ದೂರ ಹೋಗ್ತೀಯ?" ಎಂದರು. ಅವನು ಅದೇ ಸಂಜೆಯ ಬಸ್ಸು ಹತ್ತಿದ. ಹೆಂಡತಿಗೆ ಹೇಳಿದ್ದು, "ಊಟ ಸೇರಲಿಲ್ಲ" ಎಂದು.

ಹೆಂಡತಿ ಕಿಟಕಿಯ ಬಳಿ ಹೊಲಿಗೆ ಯಂತ್ರ ಹಾಕಿಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಬಾಯಿ ಸ್ವಲ್ಪ ಜೋರು, ಕೈ ಅದಕ್ಕಿಂತ ಜೋರು. ಒಬ್ಬಳು ಮಗಳಿದ್ದಳು. ಮನೆ ಕಾರ್ಖಾನೆಯದು.

ಅವನಿಗೆ ಮೂವತ್ತನಾಲ್ಕಾಗಿದ್ದಾಗ ಕಾರ್ಖಾನೆಗೆ ಹೊಸ ಸಾಹೇಬರು ಬಂದರು. ಎರಡನೇ ತಿಂಗಳಲ್ಲೇ ನೋಟಿಸ್ ಬೋರ್ಡಿನಲ್ಲಿ ಮೂರು ಸಾಲು: ಕ್ರೀಡಾ ವಿಭಾಗವನ್ನು ಮುಚ್ಚಲಾಗಿದೆ, ಆಟಗಾರರು ಹಾಜರಿ ಪುಸ್ತಕದಲ್ಲಿ ನಮೂದಾದ ಹುದ್ದೆಗೆ ಸೋಮವಾರದಿಂದ ಪೂರ್ಣ ಪಾಳಿಗೆ ಹಾಜರಾಗತಕ್ಕದ್ದು, ಇಲ್ಲವಾದರೆ ರಾಜೀನಾಮೆ ಸಲ್ಲಿಸತಕ್ಕದ್ದು. ಗೋಲ್‌ಕೀಪರ್ ರಾಜೀನಾಮೆ ಕೊಟ್ಟು ಟ್ಯಾಕ್ಸಿ ಓಡಿಸಲು ಹೋದ. ಟೀಮ್ ಮ್ಯಾನೇಜರು ನಿವೃತ್ತರಾಗಿ ಮಗಳ ಮನೆ ಸೇರಿದರು. ಎಡಚನಿಗೆ ಮನೆ ಬಿಡುವ ಧೈರ್ಯವಿರಲಿಲ್ಲ.

"ಹೋಗಿ ಕಲೀರಿ," ಎಂದಳು ಹೆಂಡತಿ. "ಹದಿಮೂರು ವರ್ಷ ನಿಮ್ಮ ಕಾಲಿಗೆ ಅನ್ನ ಹಾಕಿದ್ರು. ಈಗ ಕೈ ಕೇಳ್ತಿದಾರೆ, ಅಷ್ಟೇ ತಾನೆ?"

ಸೋಮವಾರ ಅವನು ನೀಲಿ ಅಂಗಿ ತೊಟ್ಟು ಶಾಪಿಗೆ ಹೋದ. ನಟ್ಟು ಬಿಚ್ಚಲು ಮೇಸ್ತ್ರಿ "ಹದಿನೇಳರ ಪಾನಾ ಕೊಡು" ಎಂದರೆ ಹತ್ತೊಂಬತ್ತರದ್ದು ಕೊಡುತ್ತಿದ್ದ. ಅವನಿಗಿಂತ ಹತ್ತು ವರ್ಷ ಕಿರಿಯರು "ಪಾಸ್ ಸರಿಯಾಗಿ ಕೊಡಣ್ಣಾ" ಎಂದು ನಗುತ್ತಿದ್ದರು. ಮೇಸ್ತ್ರಿ ನಗಲಿಲ್ಲ. ನಿವೃತ್ತಿಗೆ ಎಂಟು ತಿಂಗಳಿತ್ತು. ಎಂಟು ತಿಂಗಳಲ್ಲಿ ಹದಿಮೂರು ವರ್ಷದ್ದು ಕಲಿಸುವ ಹಟಕ್ಕೆ ಬಿದ್ದವರಂತೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬೆನ್ನು ಹತ್ತಿದರು. ಆದರೆ ಅವನ ಮನಸ್ಸು ಅಲ್ಲಿರಲಿಲ್ಲ. ಆಟದ ಆಸೆ ಇನ್ನೂ ಸತ್ತಿರಲಿಲ್ಲ.

ಒಂದು ಭಾನುವಾರ ಬೇರೊಂದು ಕ್ಲಬ್ಬಿನ ಮೈದಾನಕ್ಕೆ ಹೋದ. ಅಲ್ಲಿನ ಕೋಚ್ ಹಿಂದೆ ಅವನ ಜೊತೆಗೇ ಆಡಿದವನು. ಮುಲಾಜಿಗೆ ಬಿದ್ದು ಇಪ್ಪತ್ತು ನಿಮಿಷ ಆಡಿಸಿದ. ಎಡಚನ ಎಡಗಾಲು ಹಳೆಯದನ್ನು ಮರೆತಿರಲಿಲ್ಲ. ಒಂದು ಚೆಂಡು ಹಾಗೇ ಎದ್ದು ಗೋಲಿನ ಮುಂದೆ ನಿಂತಿತು. ಆದರೆ ಆ ಚೆಂಡು ಹೊಡೆದ ಮೇಲೆ ಅವನು ಮೊಣಕಾಲ ಮೇಲೆ ಕೈಯೂರಿ ನಿಂತುಬಿಟ್ಟ. ಏದುಸಿರು. ಎದುರು ಕಡೆಯ ಹತ್ತೊಂಬತ್ತು ವರ್ಷದ ಬ್ಯಾಕ್ ಆಟಗಾರ ಅವನನ್ನು ದಾಟಿ ಎರಡು ಸಲ ಹೋಗಿ ಬಂದ.

"ನಿನ್ನ ಕಾಲಿನ ಬಗ್ಗೆ ಮಾತಿಲ್ಲ," ಎಂದ ಕೋಚ್, ಮುಖ ನೋಡದೆ. "ಆದ್ರೆ ನಾನು ಒಂದು ಚೆಂಡಿಗೆ ಒಬ್ಬನ್ನ ಸಾಕೋಕಾಗಲ್ಲ. ಬೇಜಾರು ಮಾಡ್ಕೋಬೇಡ."

"ಇಲ್ಲ, ಇಲ್ಲ. ಬೇಜಾರೇನು ಬಂತು," ಎಂದ ಎಡಚ. ಬೂಟಿನ ಲೇಸು ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಮರುದಿನ ಮೇಸ್ತ್ರಿ ಅವನನ್ನು ಅಚ್ಚು ಯಂತ್ರಗಳ ಬಳಿ ಕರೆದೊಯ್ದರು. ಸಾಬೂನಿನ ತುಂಡಿನ ಮೇಲೆ ಹೆಸರು ಒತ್ತುವ ಯಂತ್ರಗಳವು. ಮೇಲಿನ ಅಚ್ಚು ಇಳಿದು ಕೆಳಗಿನ ಅಚ್ಚಿಗೆ ಕೂರುತ್ತದೆ. ಮೂರನೇ ನಂಬರು ಮತ್ತು ನಾಲ್ಕನೇ ನಂಬರು ಅಕ್ಕಪಕ್ಕ ಇದ್ದವು, ಗೋಡೆಯ ಮೇಲೆ ಅವುಗಳ ಸ್ವಿಚ್ಚು. ಹಿಂದೊಮ್ಮೆ ಯಂತ್ರಗಳ ಜಾಗ ಬದಲಾಯಿಸಿದಾಗ ತಂತಿಗಳು ಹಾಗೇ ಉಳಿದಿದ್ದವು. ಎಡಗಡೆಯ ಯಂತ್ರಕ್ಕೆ ಬಲಗಡೆಯ ಸ್ವಿಚ್ಚು, ಬಲಗಡೆಯದಕ್ಕೆ ಎಡಗಡೆಯದು. ಅಲ್ಲಿ ಕೆಲಸ ಮಾಡಿದವರಿಗೆ ಮೊದಲ ವಾರದಲ್ಲೇ ಗೊತ್ತಾಗುವ ಸಂಗತಿ. ಮೇಸ್ತ್ರಿ ಅದನ್ನು ಹೇಳಿದರು. ಅವನ ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ಅವನು ಹಿಂದಿನ ದಿನದ ಆ ಬ್ಯಾಕನ್ನು ಇನ್ನೂ ಅಟ್ಟಿಸಿಕೊಂಡು ಹೋಗುತ್ತಿದ್ದ.

ಎರಡು ವಾರದ ಮೇಲೆ, ಊಟದ ಬಿಡುವಿನಲ್ಲಿ, ಎಡಗಡೆಯ ಮೂರನೇ ನಂಬರಿನಲ್ಲಿ ಒಂದು ತುಂಡು ಓರೆಯಾಗಿ ಸಿಕ್ಕಿಕೊಂಡು ಅಚ್ಚು ಮೇಲೇ ನಿಂತಿತು. ಪಕ್ಕದ ಯಂತ್ರವೂ ಬಿಡುವಿನಲ್ಲಿ ನಿಂತಿತ್ತು.

"ಸ್ವಿಚ್ಚು ತೆಗಿ," ಎಂದರು ಮೇಸ್ತ್ರಿ, ಬಗ್ಗುತ್ತ.

ಅವನು ಎಡಗಡೆಯ ಸ್ವಿಚ್ಚನ್ನು ಆರಿಸಿದ.

"ಆಯ್ತಾ?"

"ಆಯ್ತು ಮೇಸ್ತ್ರಿ."

ಮೇಸ್ತ್ರಿ ತುಂಡನ್ನು ಎಬ್ಬಿಸಿದರು. ಎಬ್ಬಿಸುತ್ತಿದ್ದಂತೆ ಅಚ್ಚು ಇಳಿಯಿತು. ಅವರು ಕೂಗಲೂ ಇಲ್ಲ. "ಅಯ್ಯೋ" ಎಂದದ್ದು ಅವನು. ಬಲಗೈಯ ಮೂರು ಬೆರಳು ಹೋದವು.

ವಿಚಾರಣೆಗೆ ಬಂದ ಅಧಿಕಾರಿಗಳು ಮೊದಲು ಆಸ್ಪತ್ರೆಗೆ ಹೋಗಿ ಮೇಸ್ತ್ರಿಯ ಹೇಳಿಕೆ ಬರೆದುಕೊಂಡರು. ಆಮೇಲೆ ಎಡಚನನ್ನು ಕರೆಸಿ ಓದಿ ಹೇಳಿದರು. "ಸ್ವಿಚ್ಚು ನಾನೇ ತೆಗೆಯಬೇಕಿತ್ತು, ಗಡಿಬಿಡಿಯಲ್ಲಿ ಮರೆತೆ. ಇದರಲ್ಲಿ ಬೇರೆ ಯಾರದೂ ತಪ್ಪಿಲ್ಲ."

"ಹೀಗೇ ನಡೆದದ್ದಾ?" ಎಂದು ಕೇಳಿದರು.

"ಹೌದು," ಎಂದ.

ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋದ. ಮೇಸ್ತ್ರಿ ಗೋಡೆಗೆ ಒರಗಿ ಕೂತಿದ್ದರು. ಕೈಗೆ ದಪ್ಪ ಬಟ್ಟೆ ಸುತ್ತಿತ್ತು.

"ಯಾಕೆ ಮೇಸ್ತ್ರಿ ಹಾಗಂದ್ರಿ? ತಪ್ಪು ನಂದು."

"ನಿಂದೇ. ಅಲ್ಲ ಅಂತ ಯಾರಂದ್ರು?"

"ಮತ್ತೆ?"

"ನಿನಗೆ ಕೆಲಸ ಬರುತ್ತೆ ಅಂತ ಹದಿಮೂರು ಸಲ ಸಹಿ ಹಾಕಿದವನು ನಾನು. ಈಗ ಬರಲ್ಲ ಅಂದ್ರೆ, ಹದಿಮೂರು ಸುಳ್ಳಿಗೆ ಜವಾಬು ಯಾರು ಕೊಡ್ಬೇಕು? ಪಿಂಚಣಿ ಬಾಗಿಲಿಗೆ ಬಂದಿದೆ. ನಿನ್ನ ಉಳಿಸೋಕೆ ಹೇಳಿದ್ದಲ್ಲ. ನನ್ನ ಉಳಿಸಿಕೊಳ್ಳೋಕೆ ಹೇಳಿದ್ದು." ಆಮೇಲೆ ಕೈ ನೋಡಿಕೊಂಡು, "ಇನ್ಮೇಲೆ ನಾನೂ ಎಡಚ," ಎಂದರು. ಇಬ್ಬರೂ ನಗಲಿಲ್ಲ.

ಅವನು ನಾಲ್ಕು ದಿನ ತಪ್ಪದೆ ಹೋದ. ಐದನೆಯ ದಿನ ಮೇಸ್ತ್ರಿಯ ಹೆಂಡತಿ ವಾರ್ಡಿನ ಬಾಗಿಲಲ್ಲೇ ತಡೆದಳು. ಕೈಯಲ್ಲಿ ಊಟದ ಕ್ಯಾರಿಯರ್ ಇತ್ತು. "ಬರಬೇಡಪ್ಪಾ," ಎಂದಳು. ದನಿ ಏರಿಸಲಿಲ್ಲ. "ನೀನು ಬಂದು ಹೋದ ದಿನ ಅವರು ಊಟ ಮುಟ್ಟಲ್ಲ." ಅವಳಿಗೆ ನಡೆದದ್ದು ಗೊತ್ತಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಕೇಳುವ ಮುಖವೂ ಇರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು.

"ಬೇರೆ ಯಾರಿಗಾದ್ರೂ ಹೇಳಿದೀರಾ?"

"ಇಲ್ಲ. ಸಾಹೇಬರಿಗೆ ಹೇಳ್ಬೇಕು ಅನ್ಕೊಂಡಿದೀನಿ."

"ಹೇಳಿದ್ರೆ ಅವರ ಬೆರಳು ಚಿಗುರುತ್ತಾ? ನಮ್ಮ ಮನೆ ಹೋಗುತ್ತೆ, ಅವರ ಪಿಂಚಣೀನೂ ಹೋಗುತ್ತೆ. ಬಾಯಿ ಮುಚ್ಕೊಂಡಿರಿ." ಮತ್ತೆ ಯಂತ್ರ ತುಳಿದಳು. ಒಂದು ಕಾಲರಿಗೆ ಎರಡು ಸಲ ಹೊಲಿಗೆ ಹಾಕಿ ಆಮೇಲೆ ಬಿಚ್ಚುತ್ತ ಕೂತಳು. ಅಂದಿನಿಂದ ಅವಳ ಜೋರು ಬಾಯಿ ಇಳಿಯಿತು. ಅವನನ್ನು ಬೈಯುವುದನ್ನೇ ಬಿಟ್ಟಳು. ಅದು ಅವನಿಗೆ ಎಲ್ಲಕ್ಕಿಂತ ದೊಡ್ಡ ಶಿಕ್ಷೆಯಾಯಿತು.

ಮೇಸ್ತ್ರಿ ಮರಳಿ ಬರಲಿಲ್ಲ. ಇದ್ದ ರಜೆಯಲ್ಲೇ ನಿವೃತ್ತರಾದರು. ಆ ತಿಂಗಳ ಕೊನೆಯಲ್ಲಿ ಸಾಹೇಬರು ಎಡಚನನ್ನು ಕರೆಸಿ ಒಂದು ಕಾಗದ ಕೊಟ್ಟರು. ಫಿಟ್ಟರುಗಳಲ್ಲಿ ಈಗ ಅವನೇ ಹಿರಿಯ. ಶಾಪಿನ ಜವಾಬ್ದಾರಿ ಅವನಿಗೆ.

ಹೆಂಡತಿಯ ಮಾತು ನೆನಪಿತ್ತು. ಆದರೂ ಅವನ ಬಾಯಿ ತಡೆಯಲಿಲ್ಲ. "ಸಾರ್, ಇದು ಬೇಡ. ನನಗೆ ಕೆಲಸ ಬರಲ್ಲ."

ಸಾಹೇಬರು ಎದುರಿಗಿದ್ದ ಫೈಲು ತೆರೆದರು. ಒಂದೊಂದೇ ಹಾಳೆ ತಿರುವಿದರು. "ಉತ್ತಮ. ಉತ್ತಮ. ಉತ್ತಮ," ಎಂದು ಓದಿದರು. "ಹದಿಮೂರು ವರ್ಷ ಒಂದು ಕಪ್ಪುಚುಕ್ಕೆ ಇಲ್ಲ. ಬರಲ್ಲ ಅಂತೀರಲ್ಲ?"

"ನಿಜವಾಗ್ಲೂ ಬರಲ್ಲ ಸಾರ್. ನಾನು ಬರೀ ಫುಟ್‌ಬಾಲ್ ಆಡ್ತಿದ್ದೆ. ಗೇಟಿಗೆ ಹಾಕಿ, ಗೋಡೌನಿಗೆ ಹಾಕಿ, ಎಲ್ಲಿಗಾದ್ರೂ ಹಾಕಿ."

"ನೋಡಿ, ವಿನಯ ಒಳ್ಳೇದು. ಅತಿ ಆಗ್ಬಾರದು." ಸಾಹೇಬರು ಫೈಲು ಮುಚ್ಚಿ ನಕ್ಕರು. "ಅವರ ಕೈ ಹೋದದ್ದು ನೋಡಿ ನಿಮಗೆ ಭಯ ಕೂತಿದೆ. ಸಹಜ. ನಿಧಾನಕ್ಕೆ ಹೋಗುತ್ತೆ." ಮತ್ತೇನಾದರೂ ಹೇಳಬೇಕೆಂದು ಅವನು ನಿಂತೇ ಇದ್ದ. ಅಷ್ಟರಲ್ಲಿ ಫೋನು ಬಂತು. ಸಾಹೇಬರು ಕೈಸನ್ನೆ ಮಾಡಿ ಕಳಿಸಿದರು.

ಕಾರ್ಖಾನೆಯಲ್ಲಿ ನಿವೃತ್ತಿ ಐವತ್ತೆಂಟಕ್ಕೆ. ಅವನಿಗಾಗ ಮೂವತ್ತೈದು. ಬೂಟುಗಳನ್ನು ಹೆಂಡತಿ ಯಾರಿಗೋ ಕೊಟ್ಟಳು. ಯಾರಿಗೆ ಎಂದು ಅವನು ಕೇಳಲಿಲ್ಲ. ಯಂತ್ರಕ್ಕೆ ಕೈ ಹಾಕುವ ಮೊದಲು ಸ್ವಿಚ್ಚನ್ನು ಒಮ್ಮೆ ತೆಗೆದು, ಹಾಕಿ, ಮತ್ತೆ ತೆಗೆದು ನೋಡುತ್ತಿದ್ದ. ಕಿರಿಯರು ಕಾದು ಬೇಸತ್ತು ತಾವೇ ಬಗ್ಗಿ ಕೆಲಸ ಮುಗಿಸುತ್ತಿದ್ದರು. ಆಗೆಲ್ಲ ಅವನು ಗೋಡೆಗೆ ಬೆನ್ನು ಕೊಟ್ಟು, ಸ್ವಿಚ್ಚಿನ ಮೇಲೆ ಅಂಗೈ ಒತ್ತಿ, ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದ.

ಒಂದು ಬೆಳಿಗ್ಗೆ ಆ ಕಡೆಯಿಂದ ಯಾರೋ "ಮೇಸ್ತ್ರೀ!" ಎಂದು ಕೂಗಿದರು. ಅವನು ಥಟ್ಟನೆ ಬಾಗಿಲ ಕಡೆ ತಿರುಗಿದ, ಅವರು ಬಂದರೇನೋ ಎಂದು. ಬಾಗಿಲಲ್ಲಿ ಯಾರೂ ಇರಲಿಲ್ಲ. ಕೂಗಿದ್ದು ಅವನನ್ನೇ. ನಾಲ್ಕನೇ ನಂಬರು ನಿಂತಿತ್ತು.