ತಕ್ಕಡಿಯ ಮುಂದೆ ಉಂಡ ಪ್ರಸಾದ

ಉಕ್ಕಡಗಾತ್ರಿ ಅಜ್ಜಯ್ಯನನ್ನು ನಂಬಿದ ನಿಮಗೆಲ್ಲ ಹರಿಹರದಿಂದ ಶರಣು. ನನ್ನ ಮಗ ಬಸವರಾಜ ಕಬಡ್ಡಿ ಆಡುತ್ತಾನೆ. ಕಳೆದ ಕಾರ್ತಿಕದಲ್ಲಿ ದಾವಣಗೆರೆಯಲ್ಲಿ ನಡೆದ ಪಂದ್ಯಾವಳಿಗೆ ತೂಕದ ಮಿತಿ ಇತ್ತು. ಇವನ ತೂಕ ಹೆಚ್ಚಿತ್ತು. ಇಳಿಸಲೇಬೇಕೆಂದು ತಂಡದ ಮ್ಯಾನೇಜರ್ ಹಟ ಹಿಡಿದ.

ಆಮೇಲೆ ಕಂಡದ್ದನ್ನು ಹೇಳಲೂ ಹೇಸಿಗೆ. ಮಗ ಅನ್ನ ಬಿಟ್ಟ, ಕೊನೆಗೆ ನೀರೂ ಬಿಟ್ಟ. ನಡುಮಧ್ಯಾಹ್ನದ ಬಿಸಿಲಲ್ಲಿ ಸ್ವೆಟರ್ ತೊಟ್ಟು ಓಡಿದ. ಮನೆಗೆ ಬಂದರೆ ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು ಬಕೆಟ್ಟಿಗೆ ಉಗುಳುತ್ತಾ ಕೂರುವುದು. ಮೈಯ ನೀರು ಹಾಗೆ ಇಳಿಯುತ್ತದಂತೆ. ಆ ಬಕೆಟ್ಟನ್ನು ಮೂಗು ಮುಚ್ಚಿಕೊಂಡು ತೊಳೆಯುತ್ತಿದ್ದೆ. ನನ್ನ ಅಣ್ಣಂದಿರು ಹೊಟ್ಟೆ ತುಂಬ ರೊಟ್ಟಿ ತಿಂದು ಆಡುತ್ತಿದ್ದ ಆಟ ಇದೇ ಏನು? ಥೂ!

"ಅವ್ವಾ, ಸುಮ್ಕಿರು. ತೂಕ ಇಳೀಲಿಲ್ಲ ಅಂದ್ರೆ ಟೀಮಿಂದ ತೆಗೀತಾರೆ" ಎನ್ನುತ್ತಿದ್ದ. ಕಣ್ಣು ಗುಳಿ ಬಿದ್ದಿದ್ದವು. ಎದ್ದು ನಿಂತರೆ ಗೋಡೆ ಹಿಡಿಯುತ್ತಿದ್ದ.

ಪಂದ್ಯದ ದಿನ ಮೊದಲ ಬಸ್ಸಿಗೆ ಉಕ್ಕಡಗಾತ್ರಿಯ ಗದ್ದುಗೆಗೆ ಹೋದೆ. "ಗೆಲ್ಸು ಅಂತ ಕೇಳಲ್ಲ ಅಜ್ಜಯ್ಯ, ಅವನ ಹೊಟ್ಟಿಗೆ ಒಂದು ತುತ್ತು ಇಳ್ಸು" ಎಂದು ಅತ್ತೆ. ಪ್ರಸಾದದ ಅನ್ನವನ್ನು ಡಬ್ಬಿಗೆ ಹಾಕಿಸಿಕೊಂಡು ನೇರ ದಾವಣಗೆರೆಯ ಮೈದಾನಕ್ಕೆ ಬಂದೆ.

ಚಡ್ಡಿಯಲ್ಲಿ ಹುಡುಗರು ಸಂತೆಯ ಕುರಿಗಳಂತೆ ತಕ್ಕಡಿಯ ಮುಂದೆ ಸಾಲು ನಿಂತಿದ್ದರು. ಮಗನ ಮುಂದೆ ಡಬ್ಬಿ ಹಿಡಿದೆ. "ಅಜ್ಜಯ್ಯನ ಪ್ರಸಾದ ಐತೆ, ಬ್ಯಾಡ ಅನ್ಬ್ಯಾಡ." ಪ್ರಸಾದ ಬೇಡ ಎನ್ನುವುದು ನಮ್ಮ ಮನೆಯಲ್ಲಿ ಇಲ್ಲ. ಕಣ್ಣಿಗೊತ್ತಿಕೊಂಡು ಒಂದು ಅಗುಳು ಬಾಯಿಗಿಟ್ಟ. ಆಮೇಲೆ ಕೈ ನಿಲ್ಲಲೇ ಇಲ್ಲ. ಡಬ್ಬಿ ಖಾಲಿ ಮಾಡಿ ಗಟಗಟ ನೀರು ಕುಡಿದ. ತಕ್ಕಡಿ ಹತ್ತಿದರೆ ತೂಕ ಮಿತಿ ದಾಟಿತ್ತು.

"ಯಾಕಮ್ಮಾ, ಮಗನ ಬಾಳು ಹಾಳು ಮಾಡಾಕ ಬಂದ್ಯಾ?" ಮ್ಯಾನೇಜರ್ ನನ್ನ ಮೇಲೆ ಹರಿಹಾಯ್ದ. ಮಗನಿಗೆ ಚರಂಡಿ ತೋರಿಸಿದ. "ಹೋಗು, ಬಾಯಾಗ ಬೆರಳು ಹಾಕಿ ಕಕ್ಕು. ಮತ್ತೆ ತೂಗಸ್ತೀನಿ."

ಅಜ್ಜಯ್ಯ, ಇದೇನು ಮಾಡಿದೆ ಎಂದು ಮೊರೆಯಿಟ್ಟೆ. ಅಷ್ಟು ದಿನ ಆ ಮನುಷ್ಯ ಹೇಳಿದ್ದನ್ನೆಲ್ಲ ಮಾಡಿದ್ದ ಮಗ ಈಗಲೂ ಚರಂಡಿಯವರೆಗೆ ಹೋದ. ಬೆರಳು ಬಾಯಿಯ ತನಕ ಹೋಯಿತು. ಅಲ್ಲೇ ನಿಂತ. ತಿರುಗಿ ಬಂದು, "ಪ್ರಸಾದ ಕಕ್ಕಂಗಿಲ್ರಿ. ನನ್ನ ಬಿಟ್ಟು ಆಡ್ರಿ" ಎಂದು ಅಂಗಿ ಹಾಕಿಕೊಂಡ.

ಬಸ್ ನಿಲ್ದಾಣ ತಲುಪುವ ಮೊದಲೇ ತಲೆ ಸುತ್ತಿ ಬಿದ್ದ. ಆಟೊದಲ್ಲಿ ಆಸ್ಪತ್ರೆಗೆ ಒಯ್ದೆ. ಡ್ರಿಪ್ ಹಾಕಿದ ಡಾಕ್ಟರಮ್ಮ, "ಈ ಸ್ಥಿತಿಯಲ್ಲಿ ಆಡಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು" ಎಂದರು.

ಆ ಮ್ಯಾನೇಜರನ ಮುಖ ನೆನೆದರೆ ಈಗಲೂ ಅಸಹ್ಯವಾಗುತ್ತದೆ. ಮಗ ಈಗ ತೂಕದ ಹಂಗಿಲ್ಲದ ಪಂದ್ಯಗಳಲ್ಲಷ್ಟೇ ಆಡುತ್ತಾನೆ, ಸೋತೂ ಬರುತ್ತಾನೆ. ಚಪ್ಪಲಿ ಬಿಡುವ ಮೊದಲೇ "ಅವ್ವಾ, ಉಣ್ಣಾಕ ಏನೈತೆ?" ಎನ್ನುತ್ತಾನೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅಜ್ಜಯ್ಯನಿಗೆ ಕೈ ಮುಗಿದು ತಟ್ಟೆ ಇಡುತ್ತೇನೆ.