ಇಸ್ತ್ರಿಪೆಟ್ಟಿಗೆಯ ಮೈಕಾ

ಬೀದಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಅಂತಲೇ ಕರೆಯುವುದು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎನ್ನುತ್ತಾರೆ, ಅವಳೂ ಬೇಸರವಿಲ್ಲದೆ ಓಗೊಡುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಒಂದೇ ಕಿಟಕಿಯ ಮುಂದೆ, ಒಂದೇ ಮೇಜಿನ ಹಿಂದೆ ನಿಂತು ಊರವರ ಸುಕ್ಕು ತೆಗೆದವಳು. ಯಾರಿಗೆ ಹೊಸ ಕೆಲಸ ಸಿಕ್ಕಿದೆ, ಯಾರಿಗೆ ಹೊಟ್ಟೆ ಬಂದಿದೆ, ಯಾರ ಮನೆಯಲ್ಲಿ ಗುಂಡಿ ಹೊಲಿಯುವ ದಿಕ್ಕಿಲ್ಲ, ಎಲ್ಲವನ್ನೂ ಬಟ್ಟೆ ನೋಡಿಯೇ ಹೇಳಬಲ್ಲಳು. ಅಂಥವಳ ಕಣ್ಣೆದುರೇ ಒಂಬತ್ತು ತಿಂಗಳಿಂದ ಅವಳ ಒಡಹುಟ್ಟಿದ ಅಣ್ಣ, ಬಡಗಿ, ಬೇರೆಯವರ ಕೈಯಲ್ಲಿ ಇಸ್ತ್ರಿಯಾದ ಶರ್ಟು ತೊಟ್ಟು ಅಂಗಡಿ ದಾಟಿ ಹೋಗುತ್ತಿದ್ದ. ಅದೂ ಎಂಥ ಇಸ್ತ್ರಿ! ತೋಳಿಗೆ ಎರಡೆರಡು ಗೆರೆ. ಕೆಲಸ ಕಲಿತ ಮೊದಲ ವಾರದಲ್ಲೂ ಅವಳು ಅಂಥ ಇಸ್ತ್ರಿ ಮಾಡಿದವಳಲ್ಲ.

ಇದಕ್ಕೆಲ್ಲ ಮೂಲ ಒಂದು ಆಂಪ್ಲಿಫೈಯರ್. ಅಂಗಡಿಯಲ್ಲಿದ್ದ ಹಳೆಯ ಹಾಡಿನ ಸೆಟ್ಟು ಒಂದು ದಿನ ಬಾಯಿ ಮುಚ್ಚಿತು. ರಿಪೇರಿಯವನು ತಿರುಗಿಯೂ ನೋಡದೆ, "ತೂಕಕ್ಕೆ ಹಾಕಿಬಿಡಿ," ಅಂದ. ಆ ಮಾತು ಅವಳಿಗೆ ನಾಟಿತು. ಫೋನನ್ನು ಹ್ಯಾಂಗರಿಗೆ ಸಿಕ್ಕಿಸಿ, ನೇತಾಡುವ ಶರ್ಟುಗಳ ನಡುವೆ ವೀಡಿಯೊ ನೋಡುತ್ತ ಬೆಸುಗೆ ಕಲಿತಳು. ದುಡ್ಡು ಕೊಟ್ಟು ಕೊಂಡಿದ್ದು ಕಡಿಮೆ, ಮೂರು ಬೀದಿ ಆಚೆಯ ಬಿಡಿಭಾಗದ ತಾತನಿಂದ ಟ್ರಾನ್ಸಿಸ್ಟರುಗಳು ಮಾತ್ರ. ಟ್ರಾನ್ಸ್‌ಫಾರ್ಮರ್ ಸತ್ತ ಯುಪಿಎಸ್ಸಿನ ಹೊಟ್ಟೆಯಿಂದ ಬಂತು, ಡಬ್ಬ ಬಿಸ್ಕತ್ತಿನದು, ಸದ್ದು ಹೆಚ್ಚು ಕಮ್ಮಿ ಮಾಡುವ ತಿರುಗುಗುಂಡಿ ಹಳೇ ಗ್ಯಾಸ್ ಒಲೆಯದು. ಟ್ರಾನ್ಸಿಸ್ಟರಿನ ಬಿಸಿ ಎಳೆದುಕೊಳ್ಳುವ ಅಲ್ಯೂಮಿನಿಯಂ ರೆಕ್ಕೆಗಳು ಗುಜರಿಯಲ್ಲಿ ಸಿಕ್ಕವು. ಬಿಸಿಯ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಕೆಟ್ಟಿದ್ದು ಅಲ್ಲೇ. ಟ್ರಾನ್ಸಿಸ್ಟರು ಆ ರೆಕ್ಕೆಗೆ ಒತ್ತಿ ಕೂರಬೇಕು, ಬಿಸಿ ದಾಟಬೇಕು, ಕರೆಂಟು ಮಾತ್ರ ದಾಟಬಾರದು. ಅದಕ್ಕಾಗಿ ನಡುವೆ ಮೈಕಾದ ತೆಳು ಹಾಳೆ ಇಡುತ್ತಾರೆ. ಅಂಗಡಿಯಲ್ಲಿ ಸಿಗುತ್ತದೆ. ಆದರೆ ಇಸ್ತ್ರಿಯವಳು ಮೈಕಾ ಕೊಳ್ಳುವುದೆ? ಸುಟ್ಟುಹೋದ ಇಸ್ತ್ರಿಪೆಟ್ಟಿಗೆ ಬಿಚ್ಚಿದರೆ, ಕಾಯುವ ತಂತಿಯನ್ನು ಸುತ್ತಿರುವುದೇ ಮೈಕಾದ ಮೇಲೆ. ಬ್ಲೇಡು ಹಿಡಿದು ಪದರ ಪದರವಾಗಿ ಬಿಡಿಸಿದರೆ ಈರುಳ್ಳಿ ಸಿಪ್ಪೆಯ ಹಾಗೆ ಬರುತ್ತದೆ. ಯಾರಿಗೂ ಹೊಳೆಯದ್ದು ತನಗೆ ಹೊಳೆಯಿತೆಂದು ಅವಳು ಬೀಗಿದಳು.

ಅಣ್ಣ ಆರು ವರ್ಷ ಕೂಡಿಟ್ಟು ಒಂದು ಜೊತೆ ಒಳ್ಳೆಯ ಸ್ಪೀಕರು ಕೊಂಡು, ತಾನೇ ಪೆಟ್ಟಿಗೆ ಕಟ್ಟಿದ್ದ. ಮಗುವನ್ನು ಒರೆಸಿದ ಹಾಗೆ ಅವನ್ನು ಒರೆಸುತ್ತಿದ್ದ. ತಂಗಿಯ ಮೊದಲ ಆಂಪ್ಲಿಫೈಯರಿಗೆ ಹೂಂ ಎಂದು ಹೊತ್ತು ತಂದ. ಇಪ್ಪತ್ತು ನಿಮಿಷ ಚೆನ್ನಾಗಿಯೇ ಹಾಡಿತು. ಆಮೇಲೆ ಡಬ್ಬದೊಳಗೆ ಟಪ್ ಎಂದಿತು. ಒಂದು ಕಡೆಯ ಫ್ಯೂಸು ಹಾರಿತು, ಇನ್ನೊಂದು ಉಳಿಯಿತು, ಉಳಿದ ಕಡೆಯ ಕರೆಂಟೆಲ್ಲ ನೇರವಾಗಿ ಸ್ಪೀಕರಿನ ಸುರುಳಿಗೆ ನುಗ್ಗಿತು. ಹೊಗೆ ಬರುವುದನ್ನು ಇಬ್ಬರೂ ನೋಡಿದರು.

ಬಿಚ್ಚಿ ನೋಡಿದಾಗ ಮೈಕಾದ ಮೇಲೆ ಹಳೆಯ ತಂತಿ ಕೂತಿದ್ದ ಜಾಗದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ಕಿಡಿ ದಾಟಿದ್ದು ಆ ದಾರಿಯಲ್ಲೇ. ಏನಾಯ್ತು ಎಂದು ಅಣ್ಣ ಕೇಳಿದಾಗ ಬಾಯಿ ತಾನಾಗಿಯೇ ಸುಳ್ಳು ಹೇಳಿತು.

"ಟ್ರಾನ್ಸಿಸ್ಟರು ನಕಲಿ, ಅಣ್ಣ. ಆ ಬಿಡಿಭಾಗದ ತಾತ ಮೋಸ ಮಾಡಿಬಿಟ್ಟ."

ಅಣ್ಣ ಸುಟ್ಟ ಟ್ರಾನ್ಸಿಸ್ಟರನ್ನು, ಅದಕ್ಕೆ ಅಂಟಿದ್ದ ಮೈಕಾ ಸಮೇತ, ಕಾಗದದಲ್ಲಿ ಸುತ್ತಿಕೊಂಡು ಮೂರು ಬೀದಿ ಆಚೆಯ ಆ ಅಂಗಡಿಗೆ ಹೋದ. ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದನಂತೆ. ವಾಪಸ್ಸು ಬಂದವನು ತುಟಿ ಬಿಚ್ಚದೆ ಪೆಟ್ಟಿಗೆಗಳನ್ನು ಕೈಗಾಡಿಗೇರಿಸಿ ಹೊರಟ. ಮತ್ತೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಸ್ಪೀಕರು ಹೋದ ಸಂಕಟ ಅಂದುಕೊಂಡಳು ಅವಳು. ಒಳ್ಳೆಯ ಆಂಪ್ಲಿಫೈಯರ್ ಮಾಡಿ ತೋರಿಸಿದರೆ ಸರಿಹೋಗುತ್ತಾನೆ ಅಂದುಕೊಂಡಳು.

ಎರಡನೆಯದಕ್ಕೆ ಹೆಚ್ಚುಕಮ್ಮಿ ಒಂಬತ್ತು ತಿಂಗಳು ಹಿಡಿಯಿತು. ತಾತನ ಅಂಗಡಿಗೆ ಹೋಗುವ ಮುಖವೆಲ್ಲಿ? ಎರಡು ಬಸ್ಸು ಬದಲಿಸಿ ಊರಾಚೆಯಿಂದ ಒಂದೊಂದೇ ಭಾಗ ತಂದಳು. ನಾಲ್ಕು ಟ್ರಾನ್ಸಿಸ್ಟರಿಗೆ ನಾಲ್ಕು ಹೊಸ ಮೈಕಾ. ಅಣ್ಣನೂ ಅಷ್ಟರಲ್ಲಿ ಸುಟ್ಟ ಸ್ಪೀಕರಿಗೆ ಹೊಸ ಸುರುಳಿ ಹಾಕಿಸಿದ್ದ. ಕೊನೆಗೆ ಅತ್ತಿಗೆ ಬಂದು ಹೇಳಿದಳು: "ಕಾಡಿ ಬೇಡಿ ನಿಮ್ಮಣ್ಣನ್ನ ಒಪ್ಸಿದೀನಿ. ಭಾನುವಾರ ಮೂರು ಗಂಟೆಗೆ ಸ್ಪೀಕರ್ ಪೆಟ್ಟಿಗೆ ತರ್ತಾರೆ. ಈ ಸಲ ಏನಾದ್ರೂ ಆದ್ರೆ ನನ್ನನ್ನ ಮಧ್ಯಕ್ಕೆ ಎಳೀಬೇಡ, ತಾಯಿ."

ಶನಿವಾರ ಸಂಜೆ ಕೊನೆಯ ಸ್ಕ್ರೂ ಬಿಗಿಯುವಾಗ ನಾಲ್ಕನೆಯ ಮೈಕಾ ಹರಿಯಿತು.

ಭಾನುವಾರ ತೆಗೆದಿರುವುದು ತಾತನ ಅಂಗಡಿಯೊಂದೇ. ಬೆಳಗ್ಗೆ ಆ ಬೀದಿಯ ತಿರುವಿನವರೆಗೂ ಹೋದಳು. ಕನ್ನಡಕವನ್ನು ಹಣೆಗೇರಿಸಿಕೊಂಡು ತಾತ ಏನೋ ಬೆಸೆಯುತ್ತಿದ್ದ. ಹೆಜ್ಜೆ ಮುಂದೆ ಬರಲಿಲ್ಲ. ಅಂಗಡಿಯ ಹಿಂದಿನ ಮನೆಗೆ ಬಂದು, ಮಂಚದಡಿಯಿಂದ ಹಳೆಯ ಇಸ್ತ್ರಿಪೆಟ್ಟಿಗೆ ಎಳೆದು, ಗೆರೆಯೇ ಇಲ್ಲದ ಜಾಗ ಹುಡುಕಿ ಒಂದು ಚೂರು ಕತ್ತರಿಸಿದಳು. ಬೆಳಕಿಗೆ ಹಿಡಿದಳು, ಮೀಟರು ಇಟ್ಟಳು. ಕಪ್ಪಿಲ್ಲ, ಬಿರುಕಿಲ್ಲ. ಹಾಳು ಸ್ಪೀಕರೊಂದನ್ನು ಕಟ್ಟಿ ಎರಡು ಗಂಟೆ ಓಡಿಸಿದರೂ ಏನೂ ಆಗಲಿಲ್ಲ. ಆದರೂ ಮಧ್ಯಾಹ್ನ ತಟ್ಟೆ ಸರಿಸಿ ಮತ್ತೊಮ್ಮೆ ಮೀಟರು ಇಟ್ಟಳು.

ಮೂರಕ್ಕೆ ಇನ್ನೂ ಐದು ನಿಮಿಷವಿರುವಾಗ ಅಂಗಡಿಯ ಮುಂದೆ ಕೈಗಾಡಿಯ ಸದ್ದು ಕೇಳಿಸಿತು; ಅಣ್ಣ ತಳ್ಳಿಕೊಂಡು ಬಂದಿದ್ದ, ಹಿಂದೆ ಅತ್ತಿಗೆ. ಎರಡು ಪೆಟ್ಟಿಗೆಗಳ ನಡುವೆ, ಒಂದಕ್ಕೊಂದು ತಾಗದಿರಲೆಂದು, ಬಟ್ಟೆಯ ಗಂಟೊಂದನ್ನು ತುರುಕಿದ್ದ. ಅವಳ ಕಣ್ಣು ಮೊದಲು ಹೋಗಿದ್ದೇ ಆ ಗಂಟಿಗೆ. ಒಗೆದ ಶರ್ಟುಗಳು, ಇಸ್ತ್ರಿ ಆಗಿಲ್ಲ. ಅಣ್ಣ ಪೆಟ್ಟಿಗೆ ಒಳಗಿಟ್ಟು, ಗಂಟನ್ನು ಬಾಗಿಲ ಪಕ್ಕ ಇಟ್ಟು, ಗೋಡೆಗೆ ಒರಗಿ ನಿಂತ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಟೀ ಇಡ್ಲಾ?" ಅಂದಳು.

"ಕೆಲಸ ಆಗ್ಲಿ."

ಆಂಪ್ಲಿಫೈಯರಿಗೆ ಕರೆಂಟು ನೇರವಾಗಿ ಕೊಡದೆ, ಒಂದು ಬಲ್ಬಿನ ಮೂಲಕ ಹಾಯಿಸಿ ಕೊಡುವುದನ್ನು ಅವಳು ಕಲಿತಿದ್ದಳು. ಒಳಗೆ ಎಡವಟ್ಟಿದ್ದರೆ ಬಲ್ಬು ಝಗ್ಗೆಂದು ಉರಿಯುತ್ತಲೇ ಇರುತ್ತದೆ. ಎಲ್ಲ ಸರಿಯಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಸ್ವಿಚ್ಚು ಒತ್ತಿದಳು. ಬಲ್ಬು ಉರಿಯಿತು. ಅತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದಳು. ಬಲ್ಬು ಮಂಕಾಯಿತು. ಸ್ಪೀಕರಿಗೆ ಹೋಗುವ ತುದಿಗಿಟ್ಟ ಮೀಟರಿನ ಮುಳ್ಳು ಸೊನ್ನೆಯಲ್ಲೇ ನಿಂತಿತು.

"ಸರಿಯಿದೆಯಲ್ಲ, ಇನ್ನೇನು ನೋಡ್ತೀಯ? ಸಿಕ್ಕಿಸು," ಅಂದಳು ಅತ್ತಿಗೆ.

ಅಣ್ಣ ಬಗ್ಗಿ, ಸ್ಪೀಕರಿನ ವೈರಿನ ತುದಿಗಳನ್ನು ಸುಲಿದು, ಎಳೆಗಳನ್ನು ಬೆರಳಲ್ಲಿ ಹೊಸೆದು ಅವಳ ಕೈಗೆ ಕೊಟ್ಟ. ಒಂಬತ್ತು ತಿಂಗಳಲ್ಲಿ ಅವಳ ಕೈಗೆ ಅವನು ಏನನ್ನಾದರೂ ಕೊಟ್ಟದ್ದು ಇದೇ ಮೊದಲು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಆ ಚೂರು ಇನ್ನು ಹತ್ತು ವರ್ಷ ಬಾಳಲೂಬಹುದು. ಹೇಳಿದರೆ ಅಣ್ಣ ಪೆಟ್ಟಿಗೆ ಎತ್ತಿಕೊಂಡು ಹೊರಟೇಬಿಡುತ್ತಾನೆ, ಈ ಸಲ ಅತ್ತಿಗೆಯೂ ಬರುವುದಿಲ್ಲ.

ಅವಳು ವೈರನ್ನು ಮೇಜಿನ ಮೇಲಿಟ್ಟು ಸ್ವಿಚ್ಚು ಆರಿಸಿದಳು.

"ಬೇಡ, ಅಣ್ಣ. ಒಂದು ಮೈಕಾ ಇಸ್ತ್ರಿಪೆಟ್ಟಿಗೇದು ಹಾಕಿದೀನಿ."

ಅವಳೇ ಸ್ಕ್ರೂ ಬಿಚ್ಚಿ, ಚೂರನ್ನು ಒರೆಸಿ ಅವನ ಅಂಗೈಗೆ ಹಾಕಿದಳು. ಅವನು ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಚೆನ್ನಾಗೇ ಇದೆಯಲ್ಲ."

"ಆವತ್ತಿಂದೂ ಹಾಕೋವಾಗ ಚೆನ್ನಾಗೇ ಕಾಣ್ತಿತ್ತು, ಅಣ್ಣ." ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಆವತ್ತು ಹಾಕಿದ್ದೂ ಇಸ್ತ್ರಿಪೆಟ್ಟಿಗೇದೇ. ತಾತಂದೇನೂ ತಪ್ಪಿರ್ಲಿಲ್ಲ. ನಾನೇ ಸುಳ್ಳು ಹೇಳ್ದೆ."

"ಗೊತ್ತು," ಅಂದ ಅಣ್ಣ.

ಅವಳು ತಲೆಯೆತ್ತಿದಳು.

"ನಾನು ಬಾಯಿಗೆ ಬಂದಂಗೆ ಬೈದೆ. ಅವರು ತಿರುಗಿ ಬೈಲಿಲ್ಲ. ಚಿಮಟದಲ್ಲಿ ಆ ಮೈಕಾ ಎತ್ತಿ, ತಂತಿ ಗೆರೆ ತೋರಿಸಿ, ಇದು ಇಸ್ತ್ರಿಪೆಟ್ಟಿಗೇದು ಕಣಪ್ಪ ಅಂದ್ರು. ಸುತ್ತ ಹತ್ತು ಜನ ನಿಂತಿದ್ರು. ಎಲ್ಲಿ ಮುಖ ಇಟ್ಕೊಳ್ಲಿ ಹೇಳು? ಸ್ಪೀಕರು ಹೋದ್ರೆ ಹೋಗ್ಲಿ, ಸುರುಳಿ ಹಾಕಿಸ್ಬೋದು. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾದೆ, ಪುಟ್ಟಿ."

ನಲವತ್ತಮೂರು ವರ್ಷದ ಹೆಂಗಸನ್ನು ಪುಟ್ಟಿ ಎಂದು ಕರೆಯುವವನು ಇವನೊಬ್ಬನೇ. ಆ ಹೆಸರು ಕಿವಿಗೆ ಬಿದ್ದು ಒಂಬತ್ತು ತಿಂಗಳಾಗಿತ್ತು. ಅವಳು ಅತ್ತಳು, ಮರೆಮಾಡಲಿಲ್ಲ.

ಅಣ್ಣ ಕುರ್ಚಿ ಎಳೆದು ಕೂತ. "ಅಂಗಡಿ ಐದರ ತನಕ ತೆಗೆದಿರತ್ತೆ. ಹೋಗಿ ತಗೊಂಡ್ಬಾ."

"ನೀನೂ ಬರ್ತೀಯಾ?"

"ನಾನು ಆಗ್ಲೇ ಹೋಗಿ ಕ್ಷಮೆ ಕೇಳಿ ಬಂದಿದೀನಿ. ಈಗ ಉಳಿದಿರೋಳು ನೀನೊಬ್ಳೇ."

ಮೂರು ಬೀದಿ ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ದಾರಿಯಲ್ಲಿ ಹೇಳಬೇಕಾದ್ದನ್ನೆಲ್ಲ ನಾಲ್ಕು ಸಲ ಜೋಡಿಸಿಕೊಂಡಳು. ತಾತ ಕನ್ನಡಕ ಇಳಿಸಿ ಅವಳನ್ನು ನೋಡಿದ ಕೂಡಲೇ ಜೋಡಿಸಿದ್ದೆಲ್ಲ ಚೆಲ್ಲಿಹೋಯಿತು.

"ತಾತ, ಆವತ್ತು... ತಪ್ಪು ನಂದು. ನಿಮ್ಮ ಮೇಲೆ ಹಾಕ್ಬಿಟ್ಟೆ."

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರಿಗೂ ಕೇಳಿಸುವ ಹಾಗೆಯೇ ಹೇಳಿದಳು. ಬೈದಿದ್ದು ಹತ್ತು ಜನರ ಮುಂದೆ, ಒಪ್ಪಿಕೊಳ್ಳುವುದು ಇಬ್ಬರ ಮುಂದಾದರೂ ಆಗಲಿ ಎಂದು. ತಾತ ಬೆಸುಗೆ ಕಡ್ಡಿಯನ್ನು ಅದರ ಗೂಡಿಗೆ ಸಿಕ್ಕಿಸಿದ. ಆಮೇಲೆ ಮೈಕಾ ಹಾಳೆಗಳ ಸಣ್ಣ ಡಬ್ಬಿ ಎಳೆದ.

"ಎಷ್ಟು ಬೇಕಮ್ಮ?"

"ಒಂದು."

ಅವನು ಎರಡು ಎಣಿಸಿ ಕಾಗದದಲ್ಲಿ ಮಡಿಸಿದ. "ಬಿಗಿಯೋವಾಗ ಒಂದು ಹರಿದೇ ಹರಿಯತ್ತೆ. ಸ್ಕ್ರೂ ತೂತಿನ ಅಂಚು ಉಜ್ಜಿ ನುಣ್ಣಗೆ ಮಾಡ್ಕೋ, ಆಮೇಲೆ ಹಾಕು."

ವಾಪಸ್ಸು ಬಂದು, ಅಂಚು ಉಜ್ಜಿ, ಮೈಕಾ ಕೂರಿಸಿ, ಸ್ಕ್ರೂವನ್ನು ಕಾಲು ಸುತ್ತು ಕಾಲು ಸುತ್ತಾಗಿ ಬಿಗಿದಳು. ಹರಿಯಲಿಲ್ಲ. ಬಲ್ಬು ಮಿನುಗಿ ಮಂಕಾಯಿತು. ಮುಳ್ಳು ಸೊನ್ನೆ. ಈ ಸಲ ಅಣ್ಣ ವೈರು ಕೊಡಲಿಲ್ಲ, ತಾನೇ ಬಗ್ಗಿ ಸಿಕ್ಕಿಸಿದ. ಅವಳು ಗ್ಯಾಸ್ ಒಲೆಯ ಗುಂಡಿಯನ್ನು ಕೂದಲಷ್ಟು ಕೂದಲಷ್ಟೇ ತಿರುಗಿಸಿದಳು. ಹಾಡು ಬಂತು. ಅವಳ ಬೆರಳು ರೆಕ್ಕೆಯ ಮೇಲೆಯೇ ಇತ್ತು, ಬೆಚ್ಚಗಾಯಿತು, ಆಮೇಲೂ ಬರೀ ಬೆಚ್ಚಗೇ ಇತ್ತು. ಹತ್ತು ನಿಮಿಷ ಕಳೆಯಿತು. ಇಪ್ಪತ್ತು ಕಳೆಯಿತು. ಗಡಿಯಾರ ನೋಡುತ್ತಿದ್ದವಳು ಅವಳೊಬ್ಬಳೇ ಅಲ್ಲ. ಇಪ್ಪತ್ತೈದಾದಾಗ ಅತ್ತಿಗೆ ಯಾರನ್ನೂ ಕೇಳದೆ ಟೀಗೆ ನೀರಿಟ್ಟಳು.

ಅಣ್ಣ ಎದ್ದು ಬಾಗಿಲ ಪಕ್ಕದ ಗಂಟು ಬಿಚ್ಚಿದ. ಮೊದಲ ಶರ್ಟನ್ನು ಕೊಡವಿ ಅವಳ ಮೇಜಿನ ಮೇಲೆ ಹಾಸಿದ.

"ತೋಳಿಗೆ ಒಂದೇ ಗೆರೆ ಬರ್ಲಿ," ಅಂದ.